ಮೂರು ತಿಂಗಳ ಅತಿಥಿಗಳು: ಕ್ಯಾಮರೂನಿನ ಬೆಟ್ಟದೂರಿನಲ್ಲಿ ನಮ್ಮ ದಿನಚರಿ

ಈ ಉಪನ್ಯಾಸಕ್ಕೆ ಸಂಘಟಕರು ‘ಮಧ್ಯ ಆಫ್ರಿಕಾದಲ್ಲಿ ನಮ್ಮ ಸೇವೆ’ ಎಂಬ ಹೆಸರು ಕೊಟ್ಟಿದ್ದಾರೆ. ಆ ಹೆಸರನ್ನು ಸ್ವಲ್ಪ ತಿದ್ದಿಕೊಂಡೇ ಮಾತು ಆರಂಭಿಸಬೇಕಾಗಿದೆ. ನಾನು ಮತ್ತು ನನ್ನ ಪತ್ನಿ 2014ರ ಸೆಪ್ಟೆಂಬರ್ ಮೊದಲ ವಾರದಿಂದ ಡಿಸೆಂಬರ್ ಮೊದಲ ವಾರದವರೆಗೆ ಕ್ಯಾಮರೂನ್ ದೇಶದ ವಾಯವ್ಯ ಪ್ರಾಂತ್ಯದ ಒಂದು ಬೆಟ್ಟದೂರಿನಲ್ಲಿದ್ದೆವು. ಅಲ್ಲಿನ ಕ್ರೈಸ್ತ ಸಭೆಯವರು (ಚರ್ಚಿನವರು) ನಡೆಸುವ ಆರೋಗ್ಯ ಕೇಂದ್ರದ ಔಷಧ ಉಗ್ರಾಣದಲ್ಲಿ ನಾನು, ಪ್ರಾಥಮಿಕ ಶಾಲೆಯಲ್ಲಿ ಅವಳು ಸ್ವಯಂಸೇವಕರಾಗಿ ಕೆಲಸ ಮಾಡಬೇಕೆಂಬುದು ಏರ್ಪಾಡಾಗಿತ್ತು. ನಾವು ಮಾಡಿದ ಸೇವೆಯನ್ನು ವಿವರಿಸಲು ಹತ್ತು ನಿಮಿಷ ಧಾರಾಳವಾಗಿ ಸಾಕು. ನಮ್ಮನ್ನು ಸಾಕಿ, ನೀರು ಕೊಟ್ಟು, ಭಾಷೆ ಕಲಿಸಿ, ಕಡೆಗೆ ನಮ್ಮ ಮನೆಯ ಸಾವಿಗೆ ಅತ್ತು ಕಳುಹಿಸಿಕೊಟ್ಟವರ ಶ್ರಮವನ್ನು ವಿವರಿಸಲು ಉಳಿದ ಸಮಯ ಬೇಕಾಗುತ್ತದೆ. ನಿಮ್ಮಲ್ಲಿ ಕೆಲವು ಯುವಕರು ಇಂಥದೇ ಸೇವೆಗೆ ಹೊರಡಲು ಹೆಸರು ಕೊಟ್ಟಿದ್ದೀರೆಂದು ಕೇಳಿದೆ. ಆದ್ದರಿಂದ ದೊಡ್ಡ ಮಾತುಗಳನ್ನು ಬಿಟ್ಟು ಬೆಳಗಿನಿಂದ ರಾತ್ರಿಯವರೆಗಿನ ವಿಷಯವನ್ನೇ ಹೇಳುತ್ತೇನೆ.

ಕ್ಯಾಮರೂನ್ ಯಾಕೆ ಎಂದು ಹಲವರು ಕೇಳಿದ್ದಾರೆ. ಮಂಗಳೂರಿನವರಿಗೆ ಬಾಸೆಲ್ ಮಿಶನ್ನಿನ ಪರಿಚಯ ಹೇಳಬೇಕಾಗಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ, 1865ರಲ್ಲಿ ಜೆಪ್ಪುವಿನಲ್ಲಿ ಹಂಚು ಕಾರ್ಖಾನೆ ಆರಂಭಿಸಿದ, ಕಿಟ್ಟೆಲ್ ಅವರನ್ನು ಕನ್ನಡಕ್ಕೆ ಕೊಟ್ಟ ಅದೇ ಸಂಸ್ಥೆ 1886ರಲ್ಲಿ ಕ್ಯಾಮರೂನಿಗೂ ಹೋಯಿತು. ಅಲ್ಲಿ ಅದಕ್ಕೂ ಮೊದಲೇ, 1840ರ ದಶಕದಲ್ಲಿ, ಜಮೈಕಾದ ಕಪ್ಪು ಜನಾಂಗದ ಜೋಸೆಫ್ ಮೆರಿಕ್ ಮತ್ತು ಇಂಗ್ಲೆಂಡಿನ ಆಲ್ಫ್ರೆಡ್ ಸೇಕರ್ ಎಂಬ ಬ್ಯಾಪ್ಟಿಸ್ಟರು ಕರಾವಳಿಯಲ್ಲಿ ನೆಲೆಸಿ ಸ್ಥಳೀಯ ಭಾಷೆಗಳಿಗೆ ಬೈಬಲಿನ ಭಾಗಗಳನ್ನು ಅನುವಾದಿಸಿದ್ದರು. ಬಾಸೆಲಿನವರು ಕರಾವಳಿಯಿಂದ ಮೇಲೇರಿ 1903ರಲ್ಲಿ ಬಾಲಿ ಎಂಬ ಬೆಟ್ಟದ ಸಂಸ್ಥಾನವನ್ನು ತಲುಪಿದರು, ಅಲ್ಲಿನ ಮುಂಗಾಕ ಭಾಷೆಯನ್ನು ಕಲಿತು ಅದನ್ನೇ ಶಾಲೆ ಮತ್ತು ಸಭೆಯ ಭಾಷೆಯಾಗಿ ಬಳಸಿದರು. ಆ ಪರಂಪರೆಯ ಸಭೆ 1957ರಲ್ಲಿ ಸ್ವತಂತ್ರವಾಗಿ ಕ್ಯಾಮರೂನಿನ ಪ್ರೆಸ್ಬಿಟೇರಿಯನ್ ಸಭೆಯಾಯಿತು. ನನ್ನ ಮುತ್ತಜ್ಜ ಜೆಪ್ಪುವಿನಲ್ಲಿ ಹಂಚಿಗೆ ಮಣ್ಣು ತುಳಿದವರು. ಒಂದೇ ಮನೆಯ ಎರಡು ಕವಲುಗಳಲ್ಲಿ ಇನ್ನೊಂದನ್ನು ನೋಡಬೇಕೆಂಬ ಹಂಬಲ ನನಗೆ ಎಷ್ಟೋ ವರ್ಷಗಳಿಂದ ಇತ್ತು.

ಹೊರಡುವಾಗ ನೆಂಟರೆಲ್ಲ ಎಬೋಲಾದ ಹೆದರಿಕೆಯಲ್ಲಿದ್ದರು. ಆ ವರ್ಷ ಲೈಬೀರಿಯಾ, ಸಿಯೆರಾ ಲಿಯೋನ್ ಮತ್ತು ಗಿನಿಯಲ್ಲಿ ರೋಗ ಹರಡಿತ್ತು, ನೈಜೀರಿಯಾದಲ್ಲೂ ಕಾಣಿಸಿಕೊಂಡಿದ್ದರಿಂದ ಕ್ಯಾಮರೂನ್ ಸರ್ಕಾರ ಆಗಸ್ಟ್ ತಿಂಗಳಲ್ಲಿ ಆ ಗಡಿಯನ್ನು ಮುಚ್ಚಿತ್ತು. ಆಫ್ರಿಕಾ ಎಂಬುದು ಒಂದೇ ಊರೆಂದು ಭಾವಿಸಿದವರಿಗೆ ನಕಾಶೆ ತೋರಿಸುವುದೇ ನಮ್ಮ ಮೊದಲ ಸಿದ್ಧತೆಯಾಯಿತು. ಎರಡನೆಯದು ಹಳದಿ ಜ್ವರದ ಲಸಿಕೆ. ಅದರ ಪ್ರಮಾಣಪತ್ರ ಚುಚ್ಚಿಸಿಕೊಂಡ ಹತ್ತು ದಿನಗಳ ನಂತರವೇ ಊರ್ಜಿತವಾಗುತ್ತದೆ, ಮತ್ತು ಅದಿಲ್ಲದೆ ಮರಳಿದರೆ ನಮ್ಮ ದೇಶದ ವಿಮಾನ ನಿಲ್ದಾಣದಲ್ಲೇ ಆರು ದಿನ ಪ್ರತ್ಯೇಕವಾಗಿ ಇರಿಸುತ್ತಾರೆ ಎಂಬುದನ್ನು ಹೊರಡುವವರು ನೆನಪಿಡಬೇಕು. ಡುವಾಲಾದಲ್ಲಿ ಇಳಿದು, ರಾತ್ರಿ ಬಸ್ಸಿನಲ್ಲಿ ಬಮೆಂಡಾ ತಲುಪಿ, ಅಲ್ಲಿಂದ ಮುಂದಿನ ಸೀಟಿನಲ್ಲೇ ಚಾಲಕನಲ್ಲದೆ ಇಬ್ಬರನ್ನು ಕೂರಿಸುವ ಬಾಡಿಗೆ ಕಾರಿನಲ್ಲಿ ಕೆಂಪು ಕೆಸರಿನ ರಸ್ತೆ ಹಿಡಿದು ಹೋದೆವು.

ಆಫ್ರಿಕಾ ಎಂದರೆ ಸೆಕೆ ಎಂದುಕೊಂಡು ತೆಳು ಬಟ್ಟೆಗಳನ್ನಷ್ಟೇ ಒಯ್ದದ್ದು ನಮ್ಮ ಮೊದಲ ತಪ್ಪು. ಗ್ರಾಸ್‌ಫೀಲ್ಡ್ಸ್ ಎಂದು ಕರೆಯುವ ಆ ಎತ್ತರದ ಹುಲ್ಲುಗಾವಲಿನ ಸೀಮೆಯಲ್ಲಿ ಸೆಪ್ಟೆಂಬರಿನ ಮುಂಜಾವು ನಮ್ಮ ಮಡಿಕೇರಿಯ ಆಗಸ್ಟ್ ತಿಂಗಳಿನಂತಿರುತ್ತದೆ. ಬಮೆಂಡಾದ ಸಂತೆಯಲ್ಲಿ, ಯೂರೋಪಿನಿಂದ ಗಂಟುಗಟ್ಟಲೆ ಬರುವ ಹಳೆಯ ಬಟ್ಟೆಗಳ ರಾಶಿಯಿಂದ ಎರಡು ಸ್ವೆಟರ್ ಆರಿಸಿಕೊಂಡು ನಮ್ಮ ಮಿಶನರಿ ಜೀವನವನ್ನು ಆರಂಭಿಸಿದೆವು.

ದಿನ ಐದು ಗಂಟೆಗೆ ಮೊದಲೇ ಶುರುವಾಗುತ್ತಿತ್ತು. ಮೊದಲು ಕೇಳುವುದು ಅಂಗಳ ಗುಡಿಸುವ ಸದ್ದು. ನಮಗೆ ಉಳಿಯಲು ಕೊಟ್ಟದ್ದು ಊರಿನ ಸಭೆಯನ್ನು ನೋಡಿಕೊಳ್ಳುವ ಉಪದೇಶಿಯವರ ಮನೆಯ ಒಂದು ಕೋಣೆ. ಆ ಕೋಣೆ ಅವರ ಮೂರು ಗಂಡು ಮಕ್ಕಳದೆಂದೂ, ನಾವಿರುವಷ್ಟು ದಿನ ಆ ಹುಡುಗರು ಅಡುಗೆಮನೆಯ ಒಲೆಯ ಪಕ್ಕ ಚಾಪೆ ಹಾಸಿ ಮಲಗುತ್ತಿದ್ದರೆಂದೂ ನಮಗೆ ತಿಳಿದದ್ದು ಎರಡನೆಯ ವಾರದಲ್ಲಿ. ಕೋಣೆಯನ್ನು ಹಿಂದಿರುಗಿಸಲು ಹೋದಾಗ ಉಪದೇಶಿಯವರು ನಕ್ಕುಬಿಟ್ಟರು. ಅವರ ಪತ್ನಿ ಮಾತ್ರ ನಗಲಿಲ್ಲ, ಮನೆಗೆ ಬಂದವರು ನೆಲದಲ್ಲಿ ಮಲಗಿದರೆ ಊರವರಿಗೆ ಮುಖ ತೋರಿಸುವುದು ಹೇಗೆಂದು ಕೇಳಿದರು.

ನೀರಿನ ವಿಷಯ ಹೇಳುತ್ತೇನೆ, ಏಕೆಂದರೆ ಅಲ್ಲಿ ನಾನು ನಿಜವಾಗಿ ಇಟ್ಟ ಮೊದಲ ಲೆಕ್ಕ ಅದು. ಮಳೆ ಬೀಳುತ್ತಿದ್ದಷ್ಟು ದಿನ ತಗಡಿನ ಮಾಡಿನಿಂದ ಪೀಪಾಯಿಗೆ ನೀರು ತುಂಬುತ್ತಿತ್ತು, ನಮಗೆ ಯಾವುದೂ ತಿಳಿಯಲಿಲ್ಲ. ಅಕ್ಟೋಬರ್ ಕೊನೆಗೆ ಮಳೆ ನಿಂತಿತು. ಆಮೇಲೂ ನಮ್ಮ ಬಚ್ಚಲಿನ ಪೀಪಾಯಿ ಬೆಳಗಾಗುವಷ್ಟರಲ್ಲಿ ತುಂಬಿಯೇ ಇರುತ್ತಿತ್ತು. ಒಂದು ದಿನ ನಾಲ್ಕೂವರೆಗೆ ಎಚ್ಚರವಾಗಿ ಹೊರಗೆ ಬಂದರೆ, ಆ ಮನೆಯ ನಡುವಿನ ಮಗ, ಹನ್ನೊಂದು ವರ್ಷದವನು, ಇಪ್ಪತ್ತು ಲೀಟರಿನ ಹಳದಿ ಕ್ಯಾನನ್ನು ತಲೆಯ ಮೇಲಿಟ್ಟು ಕಣಿವೆಯ ಒರತೆಯಿಂದ ಹತ್ತಿ ಬರುತ್ತಿದ್ದ. ಎಣಿಸಿದೆ: ನಮ್ಮಿಬ್ಬರ ಸ್ನಾನ, ಬಟ್ಟೆ, ಪಾತ್ರೆಗಳಿಗೆಂದು ದಿನಕ್ಕೆ ಆರು ಕ್ಯಾನ್, ಇಳಿದು ಹತ್ತಲು ಒಂದು ಸಲಕ್ಕೆ ಅರ್ಧ ಗಂಟೆ. ಅಂದರೆ ನಾವಿಬ್ಬರು ಸೇವೆ ಸಲ್ಲಿಸಲು ಶುಚಿಯಾಗಿ ಹೊರಡಬೇಕಾದರೆ ಅಣ್ಣತಮ್ಮಂದಿರು ದಿನಕ್ಕೆ ಮೂರು ಗಂಟೆ ನೀರು ಹೊರಬೇಕಾಗಿತ್ತು, ಮತ್ತು ಆ ಹುಡುಗ ನನ್ನ ಪತ್ನಿಯ ತರಗತಿಯಲ್ಲೇ ತೂಕಡಿಸುತ್ತಿದ್ದ. ಅಂದಿನಿಂದ ನಾವು ಅರ್ಧ ಬಕೆಟಿನ ಸ್ನಾನ ಕಲಿತೆವು, ಕ್ಯಾನುಗಳನ್ನು ಮೂರಕ್ಕೆ ಇಳಿಸಿದೆವು. ನಾವೇ ಹೊತ್ತು ತರುತ್ತೇವೆಂದು ಹಟ ಹಿಡಿದು ಇಳಿದ ದಿನ ನನ್ನ ಪತ್ನಿ ಅರ್ಧ ಕ್ಯಾನನ್ನು ದಾರಿಯಲ್ಲೇ ಚೆಲ್ಲಿದಳು. ಒರತೆಯ ಹೆಂಗಸರು ನಕ್ಕು ನಕ್ಕು ಕೂತುಬಿಟ್ಟರು. ಮರುದಿನ ಅವರೇ ಅವಳಿಗೆ ಬಟ್ಟೆಯ ಸಿಂಬೆ ಸುತ್ತಿ, ಹತ್ತು ಲೀಟರಿನ ಚಿಕ್ಕ ಕ್ಯಾನೊಂದನ್ನು ಗೊತ್ತು ಮಾಡಿಕೊಟ್ಟರು. ಅದು ಏಳು ವರ್ಷದ ಮಕ್ಕಳು ಹೊರುವ ಅಳತೆ.

ಊಟದ ವಿಷಯದಲ್ಲಿ ನಾವು ಪುಣ್ಯವಂತರು. ಬೆಳಿಗ್ಗೆ ಪಫ್‌ಪಫ್ ಎಂಬ ಮೈದಾಹಿಟ್ಟಿನ ಉಂಡೆ ಮತ್ತು ಹುರುಳಿಕಾಯಿ ಬೀಜದ ಗಟ್ಟಿ ಸಾರು ಸಿಗುತ್ತಿತ್ತು. ಮಂಗಳೂರಿನ ಗೋಳಿಬಜೆ ತಿಂದವರಿಗೆ ಪಫ್‌ಪಫ್ ಅನ್ಯವಾಗಿ ಕಾಣುವುದಿಲ್ಲ. ಮಧ್ಯಾಹ್ನಕ್ಕೆ ಜೋಳದ ಫುಫು, ಅಂದರೆ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಕೋಲಿನಿಂದ ತಿರುವಿದ ಮುದ್ದೆ. ಅದರ ಜೊತೆಗೆ ನ್ಜಮಾ ನ್ಜಮಾ ಎಂಬ ಸೊಪ್ಪಿನ ಪಲ್ಯ. ಎಲೆಯನ್ನು ಕೈಯಲ್ಲಿ ಹಿಡಿದು ನೋಡಿದ ನನ್ನ ಪತ್ನಿ ಇದು ನಮ್ಮ ಗಣಿಕೆ ಸೊಪ್ಪಿನ ಜಾತಿಯಲ್ಲವೇ ಎಂದಳು. ಅವಳ ಊಹೆ ಸರಿಯಾಗಿತ್ತು. ಹಬ್ಬಹುಣ್ಣಿಮೆಗೆ ಅಚು. ಕೆಸುವಿನ ಗೆಡ್ಡೆಯನ್ನು ಬೇಯಿಸಿ ಒರಳಲ್ಲಿ ನುಣ್ಣಗೆ ಕುಟ್ಟಿ, ಬಾಳೆಲೆಯ ಮೇಲೆ ಗುಂಡಿಯಂತೆ ತಟ್ಟಿ, ನಡುವೆ ತಾಳೆ ಎಣ್ಣೆಯನ್ನು ಕ್ಷಾರದ ಕಲ್ಲಿನ ನೀರಿನೊಂದಿಗೆ ಕಲಸಿ ಮಾಡಿದ ಹಳದಿ ಸಾರು ಸುರಿಯುತ್ತಾರೆ. ಅದನ್ನು ತೋರುಬೆರಳಿನಿಂದ ಮಾತ್ರ ತಿನ್ನಬೇಕು, ಮತ್ತು ಸಾರಿನ ಕಟ್ಟೆ ಒಡೆಯಬಾರದು. ನಾನು ಮೊದಲ ದಿನವೇ ಕಟ್ಟೆ ಒಡೆದೆ. ಕರಾವಳಿಯಿಂದ ಬಂದ ಶಿಕ್ಷಕಿಯೊಬ್ಬರು ಒಮ್ಮೆ ಕೆಸುವಿನ ಎಲೆಯಲ್ಲಿ ತುರಿದ ಗೆಡ್ಡೆ ಸುತ್ತಿ ಬೇಯಿಸಿದ ಎಕ್ವಾಂಗ್ ಮಾಡಿ ತಂದಾಗ ನಾವಿಬ್ಬರೂ ಪತ್ರೊಡೆಯನ್ನು ನೆನೆದು ಮುಖ ಮುಖ ನೋಡಿಕೊಂಡೆವು.

ದಾರಿಯಲ್ಲಿ ಮಕ್ಕಳು ‘ವೈಟ್ ಮ್ಯಾನ್’ ಎಂದು ಕೂಗುತ್ತ ಹಿಂದೆ ಬರುತ್ತಿದ್ದರು. ನನ್ನ ಬಣ್ಣ ನಿಮಗೆ ಕಾಣುತ್ತಲೇ ಇದೆ. ಚಾಚಿದ ನನ್ನ ಕೈಯನ್ನು ಒಬ್ಬ ಹುಡುಗನ ಕೈಯ ಪಕ್ಕ ಇಟ್ಟು ವ್ಯತ್ಯಾಸ ತೋರಿಸು ಎಂದೆ. ಅವನು ಬಹಳ ಹೊತ್ತು ಪರೀಕ್ಷಿಸಿ, ‘ನೀವು ವಿಮಾನದಲ್ಲಿ ಬಂದಿರಲ್ಲ’ ಎಂದ. ಎಷ್ಟು ನಯವಾಗಿ ನಡೆದುಕೊಂಡರೂ, ಎಷ್ಟು ಫುಫು ತಿಂದರೂ, ಆ ವಿಮಾನ ನಮ್ಮ ಬೆನ್ನ ಹಿಂದೆ ನಿಂತೇ ಇರುತ್ತಿತ್ತು. ಈ ಮಾತಿಗೆ ಮತ್ತೆ ಬರುತ್ತೇನೆ.

ಅಲ್ಲಿ ಎಲ್ಲರಿಗೂ ಬರುವ ಭಾಷೆ ಪಿಜಿನ್. ಇಡೀ ದೇಶದಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಭಾಷೆಗಳಿವೆ, ಕಣಿವೆ ದಾಟಿದರೆ ಮಾತು ಬದಲಾಗುತ್ತದೆ. ಪಿಜಿನ್ ಇಂಗ್ಲಿಷಿನಂತೆ ಕೇಳಿದರೂ ಇಂಗ್ಲಿಷ್ ಬಲ್ಲವರಿಗೆ ತಾನಾಗಿ ಅರ್ಥವಾಗುವುದಿಲ್ಲ. ನಾವು ಮೊದಲು ಕಲಿತ ಪದ ‘ಅಶ್ಯಾ’. ಹೊರೆ ಹೊತ್ತು ಎದುರು ಬಂದವರಿಗೆ, ಹೊಲದಲ್ಲಿ ಬಗ್ಗಿ ಗುದ್ದಲಿ ಹಿಡಿದವರಿಗೆ, ಎಡವಿದವರಿಗೆ, ಮನೆಯಲ್ಲಿ ಸಾವಾದವರಿಗೆ, ಸುಮ್ಮನೆ ಬಾಗಿಲಲ್ಲಿ ಕೂತವರಿಗೂ ಅದನ್ನೇ ಹೇಳಬೇಕು. ಹೇಳದೆ ದಾಟಿ ಹೋದರೆ ಒರಟರೆಂದು ಲೆಕ್ಕ. ಮನೆಯಿಂದ ಆರೋಗ್ಯ ಕೇಂದ್ರಕ್ಕೆ ಹತ್ತು ನಿಮಿಷದ ದಾರಿ. ಕುಶಲ ಕೇಳುತ್ತ ಹೋದರೆ ನಲವತ್ತು ನಿಮಿಷ. ಮೊದಲ ವಾರ ನಾನು ಗಡಿಯಾರ ನೋಡಿ ಬಿರಬಿರನೆ ನಡೆಯುತ್ತಿದ್ದೆ, ಅಲ್ಲಿ ಹೋಗಿ ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದೆ.

ಕಾಯುವುದರ ಇನ್ನೊಂದು ಕಾರಣ ನನಗೆ ಬಹಳ ತಡವಾಗಿ ತಿಳಿಯಿತು. ನಾನು ಊರಿನಿಂದಲೇ ವಾರದ ವೇಳಾಪಟ್ಟಿ ಬರೆದುಕೊಂಡು ಹೋಗಿದ್ದೆ: ಸೋಮವಾರ ದಾಸ್ತಾನು, ಮಂಗಳವಾರ ಗರ್ಭಿಣಿಯರ ಚಿಕಿತ್ಸಾಲಯ, ಹೀಗೆ. ಆದರೆ ಒಂದು ಬುಧವಾರ ಜನ ಮುತ್ತಿಕೊಂಡರೆ ಮುಂದಿನ ಬುಧವಾರ ಒಬ್ಬರೂ ಬರುತ್ತಿರಲಿಲ್ಲ. ಗ್ರಾಸ್‌ಫೀಲ್ಡ್ಸ್ ಸೀಮೆಯ ಸಾಂಪ್ರದಾಯಿಕ ವಾರಕ್ಕೆ ಎಂಟು ದಿನ. ಸಂತೆ ಎಂಟು ದಿನಕ್ಕೊಮ್ಮೆ ಬರುತ್ತದೆ, ಆ ದಿನ ದೂರದ ಬೆಟ್ಟಗಳಿಂದ ಇಳಿದವರು ಮಗುವನ್ನೂ ತೋರಿಸಿಕೊಂಡು ಹೋಗುತ್ತಾರೆ. ಅದೇ ಎಂಟರಲ್ಲಿ ಇನ್ನೊಂದು ದಿನ ‘ಕಂಟ್ರಿ ಸಂಡೇ’: ಆ ದಿನ ಯಾರೂ ಭೂಮಿಗೆ ಗುದ್ದಲಿ ಹಾಕುವಂತಿಲ್ಲ. ಹೀಗೆ ಆ ಊರಿಗೆ ಎರಡು ಭಾನುವಾರಗಳು, ಒಂದು ಸಭೆಯದು, ಇನ್ನೊಂದು ನೆಲದ್ದು. ಒಳ್ಳೆಯ ಕ್ರೈಸ್ತರೇ ಎರಡನ್ನೂ ಪಾಲಿಸುತ್ತಿದ್ದರು. ನನ್ನ ಏಳು ದಿನದ ಪಟ್ಟಿ ಅವರ ಎಂಟು ದಿನದ ಬದುಕಿನ ಮೇಲೆ ಪ್ರತಿ ವಾರ ಒಂದೊಂದು ಮನೆ ಜಾರುತ್ತ ಹೋಗುತ್ತಿತ್ತು. ಯಾರೂ ಅದನ್ನು ನನಗೆ ಹೇಳಿರಲಿಲ್ಲ, ಏಕೆಂದರೆ ನಾನು ಕೇಳಿರಲಿಲ್ಲ.

ಔಷಧ ಉಗ್ರಾಣದ ಹೊಣೆ ಹೊತ್ತಿದ್ದವರು ಐವತ್ತು ದಾಟಿದ ಒಬ್ಬ ಮಹಿಳೆ. ಊರವರು ಅವರನ್ನು ‘ಮಾ’ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ನಾನು ವೃತ್ತಿಯಿಂದ ಫಾರ್ಮಸಿಸ್ಟ್. ದಾಸ್ತಾನನ್ನು ಕಂಪ್ಯೂಟರಿಗೆ ಏರಿಸಿಕೊಡುವುದೇ ನನ್ನ ಕೊಡುಗೆಯೆಂದು ಭಾವಿಸಿ ಲ್ಯಾಪ್‌ಟಾಪ್ ಹೊತ್ತು ಹೋಗಿದ್ದೆ. ಎರಡು ವಾರ ಕೂತು ಎಲ್ಲವನ್ನೂ ನಮೂದಿಸಿದೆ. ಜನರೇಟರ್ ದಿನಕ್ಕೆ ಎರಡು ಗಂಟೆ, ಡೀಸೆಲ್ ಇದ್ದರೆ. ಮಾ ಅವರು ಪ್ರತಿ ಔಷಧಕ್ಕೂ ಒಂದು ರಟ್ಟಿನ ಚೀಟಿ ಇಟ್ಟು, ಬಂದದ್ದು, ಹೋದದ್ದು, ಉಳಿದದ್ದು, ಅವಧಿ ಮುಗಿಯುವ ತಿಂಗಳು ಎಲ್ಲವನ್ನೂ ನೀಲಿ ಶಾಯಿಯಲ್ಲಿ ಬರೆಯುತ್ತಿದ್ದರು. ಕೊನೆಗೆ ಎರಡನ್ನೂ ತಾಳೆ ನೋಡಿದಾಗ ಏಳು ಕಡೆ ವ್ಯತ್ಯಾಸ ಬಂತು. ಏಳೂ ನನ್ನವೇ. ಅವರು ಒಂದು ಮಾತೂ ಆಡದೆ ನನ್ನ ಪಕ್ಕದಲ್ಲಿ ಕೂತು ತಿದ್ದಿಸಿದರು. ಮಲೇರಿಯಾದ ಮಾತ್ರೆ ಕೊಡುವ ಅವರ ಕ್ರಮವನ್ನೂ ನೋಡಬೇಕಿತ್ತು. ವಯಸ್ಕರಿಗೆ ಮೂರು ದಿನಕ್ಕೆ ಇಪ್ಪತ್ತನಾಲ್ಕು ಮಾತ್ರೆ. ಅದು ಕೊಬ್ಬಿನ ಆಹಾರದ ಜೊತೆಗೆ ಚೆನ್ನಾಗಿ ಮೈಗೂಡುತ್ತದೆ ಎಂದು ನಾವು ಕಾಲೇಜಿನಲ್ಲಿ ಓದುತ್ತೇವೆ. ಅವರು ರೋಗಿಯನ್ನು ‘ಇಂದು ಮನೆಯಲ್ಲಿ ಏನು ಸಾರು?’ ಎಂದು ಕೇಳಿ, ನೆಲಗಡಲೆಯ ಸಾರೆಂದರೆ ತಲೆಯಾಡಿಸಿ, ಬರೀ ಸೊಪ್ಪೆಂದರೆ ಒಂದು ಚಮಚ ತಾಳೆ ಎಣ್ಣೆ ಸೇರಿಸಲು ಹೇಳುತ್ತಿದ್ದರು. ಆ ಮಾತ್ರೆಗಳ ಪೆಟ್ಟಿಗೆಗಳಲ್ಲಿ ಬಹುಪಾಲು ಭಾರತದಲ್ಲಿ ತಯಾರಾದವು. ನನ್ನ ದೇಶ ನನಗಿಂತ ಎಷ್ಟೋ ಮೊದಲು ಅಲ್ಲಿಗೆ ತಲುಪಿ, ಸದ್ದಿಲ್ಲದೆ ನನಗಿಂತ ಹೆಚ್ಚು ಉಪಯೋಗಕ್ಕೆ ಬಂದಿತ್ತು.

ಹಾಗಾದರೆ ನಾನು ಏನೂ ಮಾಡಲಿಲ್ಲವೇ? ಒಂದು ಕೆಲಸ ಮಾಡಿದೆ. ಉಗ್ರಾಣದ ಹಿಂದಿನ ಕೋಣೆಯಲ್ಲಿ ಹನ್ನೊಂದು ದೊಡ್ಡ ರಟ್ಟಿನ ಪೆಟ್ಟಿಗೆಗಳಿದ್ದವು. ವಿದೇಶದ ಹಿತೈಷಿಗಳು ಕಳುಹಿಸಿದ ಔಷಧಗಳು: ಅರ್ಧ ಬಳಸಿದ ಪಟ್ಟಿಗಳು, ಯಾರಿಗೂ ಓದಲು ಬಾರದ ಭಾಷೆಯ ಚೀಟಿಗಳು, ವೈದ್ಯರಿಗೆ ಹಂಚುವ ಮಾದರಿಗಳು, 2012ರಲ್ಲೇ ಅವಧಿ ಮುಗಿದ ಕಣ್ಣಿನ ಹನಿಗಳು. ದಾನದ ಔಷಧ ತಲುಪುವಾಗ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಬಂದರಿನಿಂದ ಬಿಡಿಸಿ ತರುವ ಖರ್ಚು, ಲಾರಿ ಬಾಡಿಗೆ, ಕಡೆಗೆ ಅದನ್ನು ನಾಶಮಾಡಲು ಗುಂಡಿ ತೋಡುವ ಕೂಲಿ, ಎಲ್ಲವೂ ಆ ಬಡ ಆರೋಗ್ಯ ಕೇಂದ್ರದ ತಲೆಯ ಮೇಲೆ. ಬೇಡವೆಂದು ಬರೆಯಬಾರದೇ ಎಂದು ಮಾ ಅವರನ್ನು ಕೇಳಿದೆ. ‘ನಾನು ಬರೆದರೆ ಮುಂದಿನ ವರ್ಷ ಬೇಕಾದದ್ದೂ ಬರುವುದಿಲ್ಲ. ನೀವು ಹೋಗುವವರು, ನೀವು ಬರೆಯಿರಿ’ ಎಂದರು. ಆ ಹುಡುಗ ಹೇಳಿದ ವಿಮಾನ ಉಪಯೋಗಕ್ಕೆ ಬಂದದ್ದು ಇಲ್ಲಿ. ಕಳೆದುಕೊಳ್ಳುವುದು ಏನೂ ಇಲ್ಲದ ಹೊರಗಿನವನಾಗಿ, ಯಾವುದು ಬೇಡ, ಯಾವುದು ಎಷ್ಟು ಬೇಕು, ಹಣವನ್ನೇ ಕಳುಹಿಸಿದರೆ ಬಮೆಂಡಾದಲ್ಲಿ ಏನು ಸಿಗುತ್ತದೆ ಎಂಬ ನಾಲ್ಕು ಪುಟದ ಪತ್ರವನ್ನು ಅವರು ಹೇಳಿದಂತೆ ಬರೆದು, ನನ್ನ ಹೆಸರಿನಲ್ಲಿ ಸಹಿ ಹಾಕಿದೆ. ಮೂರು ತಿಂಗಳಲ್ಲಿ ನನ್ನಿಂದ ಆದ, ಬೇರೆ ಯಾರಿಂದಲೂ ಆಗದಿದ್ದ ಕೆಲಸ ಅದೊಂದೇ ಎಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯ.

ನನ್ನ ಪತ್ನಿಯ ಶಾಲೆಯ ಕಥೆಯನ್ನು ಅವಳೇ ಹೇಳಬೇಕು. ತರಗತಿಯಲ್ಲಿ ಎಪ್ಪತ್ತು ಮಕ್ಕಳು, ಒಂಬತ್ತು ಪುಸ್ತಕಗಳು. ಮೊದಲ ತಿಂಗಳು ಅವಳ ಇಂಗ್ಲಿಷ್ ಉಚ್ಚಾರಣೆ ಕೇಳಿ ಮಕ್ಕಳು ನಗುವುದರಲ್ಲೇ ಕಳೆಯಿತು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಭಾನುವಾರದ ಆರಾಧನೆ ಮೂರು ಗಂಟೆಗೆ ಕಡಿಮೆಯಿಲ್ಲ. ಕಾಣಿಕೆಯ ತಟ್ಟೆ ನಮ್ಮ ಬಳಿಗೆ ಬರುವುದಿಲ್ಲ, ನಾವೇ ಸಂಘ ಸಂಘವಾಗಿ ಕುಣಿಯುತ್ತ ತಟ್ಟೆಯ ಬಳಿಗೆ ಹೋಗಬೇಕು. ಕೊಯ್ಲಿನ ಕೃತಜ್ಞತಾ ಆರಾಧನೆಯ ದಿನ ಜೋಳದ ತೆನೆ, ಬಾಳೆಗೊನೆ, ಕಾಲು ಕಟ್ಟಿದ ಕೋಳಿಗಳು ಬಲಿಪೀಠದ ಮುಂದೆ ರಾಶಿ ಬಿದ್ದು, ಆರಾಧನೆ ಮುಗಿಯುತ್ತಲೇ ಏಲಂ ಶುರುವಾಯಿತು. ನಮ್ಮ ಸಭೆಗಳ ಸುಗ್ಗಿ ಹಬ್ಬದ ಏಲಂ ಕಂಡವರಿಗೆ ಅದೇ ಉತ್ಸಾಹ, ಅದೇ ಸುಳ್ಳು ಜಗಳ. ಅಂದು ಮುಂಗಾಕ ಭಾಷೆಯ ಹಳೆಯ ಹಾಡೊಂದನ್ನು ಎತ್ತಿದಾಗ ನನಗೆ ಮಾತು ತಿಳಿಯದಿದ್ದರೂ ರಾಗ ಬಾಯಿಗೆ ಬಂತು. ಅದು ನನ್ನ ಅಜ್ಜಿ ಕನ್ನಡದಲ್ಲಿ ಹಾಡುತ್ತಿದ್ದ ಜರ್ಮನ್ ರಾಗ.

ಇಲ್ಲಿ ಸ್ವಲ್ಪ ದಾರಿ ಬಿಡುತ್ತೇನೆ. ಮೊದಲನೆಯ ಮಹಾಯುದ್ಧ ಬಂದಾಗ ಬಾಸೆಲಿನವರಲ್ಲಿ ಬಹುಪಾಲು ಜರ್ಮನರಾಗಿದ್ದುದರಿಂದ ಬ್ರಿಟಿಷರು ಇಲ್ಲಿಯೂ ಅಲ್ಲಿಯೂ ಅವರನ್ನು ಹಿಡಿದು ಹೊರಗೆ ಕಳುಹಿಸಿದರು. ಇಲ್ಲಿ ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಅಲ್ಲಿ ಹತ್ತು ವರ್ಷ ಮಿಶನರಿಗಳೇ ಇಲ್ಲದಂತಾಯಿತು. 1925ರಲ್ಲಿ ಮರಳಿ ಬಂದವರಿಗೆ ಕಂಡದ್ದು ಉಪದೇಶಿಗಳು ನಡೆಸಿ ಬೆಳೆಸಿದ ಸಭೆಗಳು. ಈ ಚರಿತ್ರೆಯನ್ನು ನನಗೆ ಹೇಳಿದ ನಮ್ಮ ಮನೆಯೊಡೆಯ ಉಪದೇಶಿಯವರು, ತಮ್ಮ ಅಜ್ಜನೂ ಅವರಲ್ಲಿ ಒಬ್ಬರೆಂದು ಹೇಳಿ, ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದರು.

ಕೊನೆಯದಾಗಿ ನ್ಜಾಂಗಿಯ ವಿಷಯ. ನಮ್ಮ ಚೀಟಿ ಫಂಡಿನಂತೆಯೇ ಅದು: ವಾರಕ್ಕೊಮ್ಮೆ ಸೇರಿ ಎಲ್ಲರೂ ಒಂದು ಮೊತ್ತ ಹಾಕುವುದು, ಸರದಿಯಂತೆ ಒಬ್ಬರು ಎತ್ತುವುದು. ಜೊತೆಗೆ ಪ್ರತಿ ಸಲ ಸಣ್ಣದೊಂದು ಮೊತ್ತ ‘ಟ್ರಬಲ್ ಬ್ಯಾಂಕ್’ ಎಂಬ ಡಬ್ಬಿಗೆ ಹೋಗುತ್ತದೆ. ಸದಸ್ಯರ ಮನೆಯ ಸಾವು, ರೋಗಗಳಿಗೆ ಅದು. ಮಾ ಅವರು ನನ್ನ ಪತ್ನಿಯನ್ನು ಮೊದಲ ವಾರವೇ ಸೇರಿಸಿಕೊಂಡಿದ್ದರು, ಸುಮ್ಮನೆ ಕೂರುವುದಕ್ಕೆ ಒಂದು ನೆಪವಾಗಲೆಂದು ನಾವು ತಿಳಿದಿದ್ದೆವು. ನವೆಂಬರ್ ಎರಡನೆಯ ವಾರ ಉಡುಪಿಯಲ್ಲಿ ಅವಳ ತಂದೆ ತೀರಿಕೊಂಡರು. ಡುವಾಲಾಕ್ಕೆ ಇಳಿದು, ಅಡಿಸ್ ಅಬಾಬಾ, ಮುಂಬಯಿ ದಾಟಿ ತಲುಪುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿರುತ್ತಿತ್ತು. ಹೋಗುವುದು ಬೇಡವೆಂದು ಅವಳ ಅಣ್ಣನೇ ಹೇಳಿದರು. ಆ ಸಂಜೆ ಕತ್ತಲಾಗುತ್ತಲೇ ಹೆಂಗಸರು ಒಬ್ಬೊಬ್ಬರಾಗಿ ಬಂದು ‘ಅಶ್ಯಾ’ ಎಂದು ಕೂತರು. ಯಾರೂ ಸಮಾಧಾನದ ಮಾತು ಆಡಲಿಲ್ಲ; ಹಾಡಿದರು, ಸುಮ್ಮನಾದರು, ಮತ್ತೆ ಹಾಡಿದರು, ಬೆಳಗಾಗುವವರೆಗೆ ಎದ್ದು ಹೋಗಲಿಲ್ಲ. ಉಡುಪಿಯ ಒಬ್ಬ ನಿವೃತ್ತ ಅಂಚೆ ನೌಕರನಿಗಾಗಿ, ಅವರ ಮುಖವನ್ನೂ ಕಾಣದವರು ಇಡೀ ರಾತ್ರಿ ಎಚ್ಚರವಿದ್ದರು. ಬೆಳಿಗ್ಗೆ ಮಾ ಅವರು ಟ್ರಬಲ್ ಬ್ಯಾಂಕಿನಿಂದ 25,000 ಫ್ರಾಂಕ್ ಎಣಿಸಿ ಅವಳ ಕೈಯಲ್ಲಿಟ್ಟರು. ಆಗಿನ ನಮ್ಮ ಲೆಕ್ಕಕ್ಕೆ ಸುಮಾರು ಮೂರು ಸಾವಿರ ರೂಪಾಯಿ. ಒಂದೊಂದು ನೂರರ ನಾಣ್ಯವೂ ಯಾರ ಸೊಪ್ಪು ಮಾರಿದ ದುಡ್ಡೆಂದು ನಮಗೆ ಗೊತ್ತಿತ್ತು. ಹಿಂದಿರುಗಿಸಬಹುದೇ ಎಂದು ನಾನು ಗುಟ್ಟಾಗಿ ಕೇಳಿದಾಗ ಮಾ ಅವರು ಮೊದಲ ಬಾರಿಗೆ ನನ್ನ ಮೇಲೆ ರೇಗಿದರು. ತೆಗೆದುಕೊಂಡವರು ಹಾಕುತ್ತ ಇರಬೇಕು, ಅಷ್ಟೇ ನಿಯಮ ಎಂದರು.

2016ರ ಕೊನೆಯಲ್ಲಿ, ನಾವಿದ್ದ ವಾಯವ್ಯವೂ ಸೇರಿದಂತೆ ಆ ದೇಶದ ಇಂಗ್ಲಿಷ್ ಭಾಷಿಕ ಪ್ರಾಂತ್ಯಗಳಲ್ಲಿ ವಕೀಲರ ಮತ್ತು ಶಿಕ್ಷಕರ ಮುಷ್ಕರ ಶುರುವಾಯಿತು, ಮರುವರ್ಷ ಅದು ಸಶಸ್ತ್ರ ಸಂಘರ್ಷಕ್ಕೆ ತಿರುಗಿತು. ಎಷ್ಟೋ ಶಾಲೆಗಳು ವರ್ಷಗಟ್ಟಲೆ ಮುಚ್ಚಿದವು, ಸೋಮವಾರಗಳಂದು ಅಂಗಡಿ ಬಾಗಿಲು ತೆರೆಯುವಂತಿರಲಿಲ್ಲ. ನಮ್ಮ ಊರಿನ ಬಹಳ ಜನ ಚದುರಿಹೋದರು. ನೀರು ಹೊತ್ತ ಹುಡುಗ ಈಗ ಡುವಾಲಾದಲ್ಲಿ ಮೋಟಾರ್ ಸೈಕಲ್ ಬಾಡಿಗೆಗೆ ಓಡಿಸುತ್ತಾನೆ. ಮಾ ಅವರು ಫ್ರೆಂಚ್ ಮಾತಾಡುವ ಬಫೂಸಾಮ್ ಪಟ್ಟಣದಲ್ಲಿ ಒಂದು ಔಷಧದ ಅಂಗಡಿಯಲ್ಲಿದ್ದಾರೆ, ಅರುವತ್ತು ದಾಟಿದ ಮೇಲೆ ಫ್ರೆಂಚ್ ಚೀಟಿಗಳನ್ನು ಓದಲು ಕಲಿತರು. ಅಲ್ಲಿಗೆ ಬಂದು ಸೇರಿದ ಹೆಂಗಸರನ್ನು ಕೂಡಿಸಿ ನ್ಜಾಂಗಿಯನ್ನು ಮತ್ತೆ ಆರಂಭಿಸಿದ್ದಾರೆ. ನನ್ನ ಪತ್ನಿಯ ಹೆಸರು ಆ ಪುಸ್ತಕದಲ್ಲಿದೆ, ಅವಳ ಕಂತು ತಿಂಗಳಿಗೊಮ್ಮೆ ಇಲ್ಲಿಂದ ಹೋಗುತ್ತದೆ. ಮುಂದಿನ ಸರದಿ ಅವಳದೇ ಎಂದು ಮೊನ್ನೆ ಸಂದೇಶ ಬಂದಿದೆ. ಆ ಹಣವನ್ನು ತರಿಸಿಕೊಳ್ಳುವುದೋ, ಅಲ್ಲೇ ಯಾರಿಗಾದರೂ ದಾಟಿಸುವುದೋ ಎಂದು ನಮ್ಮ ಮನೆಯಲ್ಲಿ ಇನ್ನೂ ಚರ್ಚೆ ನಡೆಯುತ್ತಿದೆ. ದಾಟಿಸಿದರೆ ಮಾ ಅವರಿಂದ ಮತ್ತೆ ಬೈಗುಳ ತಿನ್ನಬೇಕಾದೀತೆಂದು ನನ್ನ ಪತ್ನಿಯ ಅನುಮಾನ.